ಮೊಂಡಮೂಗಿನ ನಾಯಿಯ ಉಸಿರು

ನಮ್ಮ ಮನೆಗೆ ಬಂದ ಆ ನಾಯಿಯ ಉಸಿರು ಬೀದಿಬಾಗಿಲಿನವರೆಗೆ ಕೇಳುತ್ತಿತ್ತು. ಮಲಗಿದರೆ ಗೊರಕೆ, ಎದ್ದರೆ ಗುರುಗುರು, ಉಣ್ಣುವಾಗ ಸಣ್ಣಗೆ ಸೀಟಿ. ಹೊಸಪೇಟೆಯ ಸೋದರಮಾವ ಅದನ್ನು ತಂದು ನನ್ನ ಮಡಿಲಿಗೆ ಹಾಕಿದ್ದು ಡಿಸೆಂಬರಿನಲ್ಲಿ. ಆಗ ಟೀವಿ ಜಾಹೀರಾತಿನಲ್ಲಿ ಆ ಜಾತಿಯ ನಾಯಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅದಿರಿನ ಲಾರಿ ಓಡಿಸಿ ಮೇಲೆ ಬಂದಿದ್ದ ಮಾವನ ಗೆಳೆಯರೊಬ್ಬರು ಅದನ್ನು ದೂರದಿಂದ ತರಿಸಿ, ಎರಡೇ ತಿಂಗಳಲ್ಲಿ ಬೇಸತ್ತು, ಯಾರಾದರೂ ಒಯ್ಯಿರಿ ಎಂದಿದ್ದರಂತೆ.

"ಕೊಟ್ಟೂರಾಗ ಇಂಥಾ ನಾಯಿ ಯಾರ ಮನ್ಯಾಗೂ ಇಲ್ಲ ನೋಡು" ಎಂದ ಮಾವ.

"ಯಾಕ ಇಲ್ಲ ಅಂತ ಯಾರಾದ್ರೂ ಕೇಳ್ಯಾರೇನು?" ಎಂದಳು ಅಜ್ಜಿ.

ಅದು ಒಳ್ಳೆಯ ಪ್ರಶ್ನೆ. ಆದರೆ ಆಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ, ಕಾಲೇಜಿನ ಚರ್ಚಾ ತಂಡದಲ್ಲಿದ್ದೆ, ಪ್ರಶ್ನೆ ಕೇಳುವವರೆಲ್ಲ ನನಗೆ ಎದುರುಪಕ್ಷದವರಾಗಿದ್ದರು. ಅದರಲ್ಲೂ ಅಜ್ಜಿ ಹಳೆಯ ಎದುರುಪಕ್ಷ. ಉತ್ತರ ಹುಡುಕುವ ಬದಲು ನಾಯಿಯನ್ನು ಎತ್ತಿಕೊಂಡು ಮಾಳಿಗೆ ಹತ್ತಿದೆ. ಮಾಳಿಗೆಯ ಮೇಲೆ ತಗಡು ಹೊದಿಸಿದ ಒಂದು ಕೋಣೆಯಿತ್ತು, ನನ್ನ ಓದಿನ ಕೋಣೆ.

ಅದನ್ನು ಸಾಕುವುದು ಕೂಸು ಸಾಕಿದ ಹಾಗೆ ಎಂದು ವಾರದೊಳಗೇ ಗೊತ್ತಾಯಿತು. ಮುಖದ ಮಡಿಕೆಗಳನ್ನು ದಿನಾ ಬಿಡಿಸಿ, ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಎರಡು ದಿನ ಬಿಟ್ಟರೆ ಒಳಗೆ ಕೆಂಪಾಗಿ ಹುಳಿ ವಾಸನೆ. ಕಣ್ಣುಗಳು ಎಷ್ಟು ಹೊರಗಿದ್ದವೆಂದರೆ ಗಾಳಿಯ ದೂಳಿಗೇ ಕೆಂಪಾಗುತ್ತಿದ್ದವು. ಕೊರಳಪಟ್ಟಿ ಹಾಕಿ ಎಳೆದರೆ ಕೆಮ್ಮಿ ಕೆಮ್ಮಿ ಕುಸಿಯುತ್ತಿತ್ತು. ಎದೆಗೆ ಕಟ್ಟುವ ಪಟ್ಟಿ ಬೇಕೆಂದು ಎತ್ತಿನ ಸಾಮಾನು ಹೊಲಿಯುವವರ ಬಳಿ ಹೋದೆ. ಅವರು ನಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದನ್ನ ಕುಂಟಿಗಿ ಹೂಡತೀಯೋ, ಗಾಡಿಗಿ ಹೂಡತೀಯೋ ಹೇಳವ್ವ, ಅದರಂಗ ಹೊಲೀತೀನಿ" ಎಂದರು. ಪಟ್ಟಿಯನ್ನೇನೋ ಚೆನ್ನಾಗಿಯೇ ಹೊಲಿದುಕೊಟ್ಟರು.

ಬಂದವರೆಲ್ಲ ಅದಕ್ಕೆ ಮಿರ್ಚಿ ಬಜ್ಜಿ ಮುರಿದು ಹಾಕುವುದನ್ನು ತಪ್ಪಿಸಲು ನಾನು ಬಾಗಿಲಲ್ಲಿ ಕೂರುತ್ತಿದ್ದೆ. ಅದನ್ನು ತಪ್ಪಿಸಬಹುದಿತ್ತು. ಅಜ್ಜಿಯ ಮಾತನ್ನು ತಪ್ಪಿಸುವುದು ಕಷ್ಟವಿತ್ತು.

"ಇದಕ್ಕ ದಮ್ಮು ಐತಿ" ಎಂದಳು ಅಜ್ಜಿ ಸಂಕ್ರಾಂತಿಯ ಹೊತ್ತಿಗೆ. "ಬಾಜೂಮನಿ ಅಜ್ಜನ್ನ ಕರದು ಬರಿ ಹಾಕಸೂಣು."

ನನಗೆ ಹೆದರಿಕೆ ಹುಟ್ಟಿದ್ದು ಆವತ್ತು. ಬಾಜೂಮನೆಯ ಅಜ್ಜ ಕರುಗಳಿಗೆ, ಕೂಸುಗಳಿಗೆ ಬರೆ ಹಾಕುವುದರಲ್ಲಿ ಹೆಸರಾದವರು. ಕರುವಿಗಾದರೆ ಕಾಯಿಸಿದ ಕುಡುಗೋಲು, ಕೂಸಿಗಾದರೆ ಕೆಂಡದಲ್ಲಿ ಸುಟ್ಟ ಅರಿಷಿಣ ಕೊಂಬು. ಅದೂ ಅಮಾವಾಸ್ಯೆಯ ದಿನವೇ ಹಾಕಬೇಕು, ಬೇರೆ ದಿನ ನಾಟುವುದಿಲ್ಲ ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ, ಕೈಯೊಡ್ಡಿ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನನಗೆ ಇನ್ನೂ ಹೆದರಿಕೆಯಾದದ್ದು ಅದಕ್ಕೇ. ಕೆಟ್ಟವರಾಗಿದ್ದರೆ ಜಗಳವಾಡಿ ಓಡಿಸಬಹುದಿತ್ತು.

"ಬರಿ ಹಾಕಿದ್ರ ದಮ್ಮು ಹೋಗತೈತಿ ಅನ್ನಾಕ ಏನು ಸಾಕ್ಷಿ?" ಎಂದೆ.

"ನೀನ ಸಾಕ್ಷಿ. ಮೂರು ತಿಂಗಳ ಕೂಸಿದ್ದಾಗ ಉಸ್ರು ಹಿಡದಿತ್ತು. ಹೊಕ್ಕುಳದ ಬಾಜೂಕ ಬರಿದು ಎರಡು ಎಳಿ ಅದಾವು, ನೋಡಿಕ್ಯಾ. ಉಳದಿಲ್ಲೇನು?"

"ಹಾಕಸದಿದ್ರೂ ಉಳೀತಿದ್ದೆ."

"ಅದಕ್ಕೇನು ಸಾಕ್ಷಿ?"

ವೇದಿಕೆಯ ಮೇಲೆ ಯಾರೂ ನನ್ನನ್ನು ಇಷ್ಟು ಬೇಗ ಕಟ್ಟಿಹಾಕಿರಲಿಲ್ಲ.

ಮರುದಿನವೇ ನಾಯಿಯನ್ನು ದನದ ದವಾಖಾನೆಗೆ ಒಯ್ದೆ. ಡಾಕ್ಟರು ಎಮ್ಮೆಯೊಂದನ್ನು ನೋಡಿ ಕೈ ತೊಳೆಯುತ್ತಿದ್ದರು. "ಇಂಥಾ ಜಾತಿ ನಾನೂ ಟೀವ್ಯಾಗ ನೋಡಿದ್ದ ನೋಡವ್ವ" ಎಂದು ನಕ್ಕರು. ಆದರೆ ಅವರು ತಿಳಿದವರು. ಬಾಯಿ ಬಿಡಿಸಿ ನೋಡಿದರು, ಎದೆಗೆ ಕೊಳವೆ ಹಿಡಿದು ಬಹಳ ಹೊತ್ತು ಕೇಳಿದರು. ಆಮೇಲೆ ಎರಡು ಮಾತು ಹೇಳಿದರು. ಮೊದಲನೆಯದು, ಮೂಗು ಮೊಂಡಾದ್ದರಿಂದ ಈ ಸಪ್ಪಳ ಹುಟ್ಟಿನಿಂದಲೇ ಬಂದದ್ದು, ದಮ್ಮಲ್ಲ. ಎರಡನೆಯದು, ನಾಯಿ ಬೆವರುವುದಿಲ್ಲ, ತೇಕಿ ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಇದಕ್ಕೆ ಅದೂ ಸರಿಯಾಗಿ ಆಗುವುದಿಲ್ಲ. ನಮ್ಮ ಕಡೆಯ ಬ್ಯಾಸಗಿ ಇದಕ್ಕೆ ವಿಷ. ಸಪ್ಪಳ ಬದಲಾಗಿ, ನಾಲಗೆ ಕಪ್ಪಾದರೆ ಮೈಮೇಲೆ ನೀರು ಸುರಿದು, ಗಾಳಿ ಹಾಕಿ, ತಡಮಾಡದೆ ಕರೆತರಬೇಕು.

ಮನೆಗೆ ಬಂದು ನಾನು ಮೊದಲನೆಯ ಮಾತನ್ನಷ್ಟೇ ಹೇಳಿದೆ.

ಇದನ್ನು ಬರೆಯುವುದು ನನಗೆ ಸುಲಭವಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಎರಡನೆಯ ಮಾತು ಹೇಳಿದರೆ ಅಜ್ಜಿ, "ಹಂಗಾರ ಜಡ್ಡು ಐತಿ ಅಂತಾತು" ಎನ್ನುತ್ತಿದ್ದಳು. ನನ್ನ ವಾದಕ್ಕೆ ಬೇಕಾದ ಅರ್ಧವನ್ನು ಇಟ್ಟುಕೊಂಡು, ತೊಡಕಾಗುವ ಅರ್ಧವನ್ನು ಕೆಳಗಿಟ್ಟೆ. ಚರ್ಚಾ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದದ್ದು ಹಾಗೆಯೇ. "ಸಪ್ಪಳ ಅದರ ಜಾತೀದು. ಏನೂ ಆಗಂಗಿಲ್ಲ ಅಂತ ಡಾಕ್ಟ್ರ ಹೇಳ್ಯಾರ" ಎಂದೆ. ಅಜ್ಜಿ ಬರೆಯ ಮಾತು ಬಿಟ್ಟಳು. ಗೆದ್ದೆ ಅಂದುಕೊಂಡೆ.

ಮಾರ್ಚ್ ಬಂತು. ಬಿಸಿಲಿಗೆ ನಾಯಿಯ ಸಪ್ಪಳ ದಪ್ಪಗಾಯಿತು. ಅಜ್ಜಿ ಮತ್ತೆ ಕಿವಿಗೊಡತೊಡಗಿದಳು. ಒಂದು ಸಂಜೆ ಅವಳು ಬಾಜೂಮನೆಯ ಅಜ್ಜನ ಜೊತೆ ಕಟ್ಟೆಯ ಮೇಲೆ ಮಾತಾಡುತ್ತಿದ್ದದ್ದು ಕೇಳಿಸಿತು. "ಅಮಾಸಿ ಯಾವತ್ತೈತಿ?" "ನಾಳಿಲ್ಲ, ನಾಡದು." ನಾಡಿದ್ದು ನನಗೆ ಹರಪನಹಳ್ಳಿಯಲ್ಲಿ ಅಂತರಕಾಲೇಜು ಚರ್ಚೆ. ನಾನಿಲ್ಲದ ದಿನವನ್ನೇ ನೋಡಿ ಇಟ್ಟಿದ್ದಾಳೆ ಎಂದುಕೊಂಡೆ. ಅದು ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ, ಕೇಳಲಿಲ್ಲ. ಎರಡು ದಿನವೂ ಕಣ್ಣು ಮುಚ್ಚಿದರೆ ಸುಟ್ಟ ಅರಿಷಿಣದ ವಾಸನೆ ಬಂದಂತಾಗುತ್ತಿತ್ತು.

ಆ ದಿನ ಬೆಳಿಗ್ಗೆ ನಾಯಿಯನ್ನು ಮೇಲಿನ ಕೋಣೆಗೆ ಬಿಟ್ಟು, ಎರಡು ಬಟ್ಟಲು ನೀರಿಟ್ಟು, ಕಿಟಕಿ ಅರ್ಧ ತೆರೆದು, ಫ್ಯಾನ್ ಹಚ್ಚಿ, ಹೊರಗಿನಿಂದ ಬೀಗ ಹಾಕಿದೆ. ಕೀಲಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಎಲ್ಲವನ್ನೂ ಯೋಚಿಸಿದ್ದೇನೆ ಎಂಬ ಸಮಾಧಾನವಿತ್ತು.

ಹರಪನಹಳ್ಳಿಯ ಕಾಲೇಜಿನ ಸಭಾಂಗಣದಲ್ಲಿ ನನ್ನ ಸರದಿ ಬಂದಾಗ ಹನ್ನೆರಡಾಗಿತ್ತು. ಹಳ್ಳಿಗಳಿಗೆ ಟೀವಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ವಿಷಯ. ಎದುರುಪಕ್ಷದ ಮೂರನೇ ಅಂಶವನ್ನು ಹರಿದುಹಾಕುತ್ತಿದ್ದೆ. ಮೈಕು ಕುಂಯ್ ಎಂದು ಸತ್ತಿತು. ತಲೆಯ ಮೇಲಿನ ಫ್ಯಾನ್ ನಿಧಾನಕ್ಕೆ ನಿಂತಿತು. "ಕರೆಂಟ್ ಹೋತು, ಜೋರಾಗಿ ಮಾತಾಡವ್ವ" ಎಂದರು ಹಿಂದಿನಿಂದ ಯಾರೋ.

ನಾನು ಆ ನಿಂತ ಫ್ಯಾನನ್ನೇ ನೋಡುತ್ತಿದ್ದೆ. ಬೇಸಿಗೆಯಲ್ಲಿ ನಮ್ಮೂರಲ್ಲಿ ಕರೆಂಟು ದಿನಾ ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ತಗಡಿನ ಕೆಳಗೆ ಮಧ್ಯಾಹ್ನ ನಾನೇ ಕೂತು ಓದಲಾರದೆ ಕೆಳಗಿಳಿಯುತ್ತಿದ್ದವಳು. ವೇದಿಕೆಯಿಂದ ಇಳಿದು ಹೊರಗೋಡಿದೆ. ಬಸ್‌ಸ್ಟ್ಯಾಂಡಿನ ಎದುರಿನ ಫೋನ್ ಬೂತಿನಲ್ಲಿ ನಂಬರು ಒತ್ತುವಾಗ ಎರಡು ಸಲ ತಪ್ಪಿತು.

ಅವ್ವ ಎತ್ತಿದಳು.

"ಅವ್ವ, ಕರೆಂಟ್ ಐತೇನು?"

"ಹತ್ತಕ್ಕ ಹೋಗೈತಿ. ಯಾಕ?"

"ನಾಯಿ ಮ್ಯಾಲಿನ ಕೋಣ್ಯಾಗ ಐತಿ."

"ಗೊತ್ತೈತಿ. ಗೊರಕಿ ಕೆಳಗತನ ಕೇಳತಿತ್ತು. ಭಾಳ ಜೋರಿತ್ತು ಇವತ್ತು. ಅದರ ಜಾತಿ ಸಪ್ಪಳ ಅಂತ ನೀನ ಹೇಳಿದ್ಯಲ್ಲ, ಸುಮ್ಮನದೀವಿ. ಈಗ ಕಮ್ಮಿ ಆಗೈತಿ. ಮಕ್ಕಂಡಿರಬೇಕು."

ಕಮ್ಮಿ ಆಗೈತಿ. ಸಪ್ಪಳ ಬದಲಾದರೆ ತಡಮಾಡಬೇಡ ಎಂದಿದ್ದರು ಡಾಕ್ಟರು. "ಬೀಗ ಒಡಿ ಅವ್ವ. ಕಬ್ಣದ ಹಾರಿ ತಗಂಡು ಒಡಿ. ಈಗ, ಈಗಿಂದೀಗ" ಎಂದು ಕಿರುಚಿದೆ. ಅವ್ವ ಫೋನು ಇಟ್ಟಳು. ನಾನು ಹೊರಗೆ ನಿಂತು ಉಗುರು ಕಚ್ಚುತ್ತ ಹತ್ತು ನಿಮಿಷ ಕಳೆದೆ. ಎರಡನೇ ಸಲ ಮಾಡಿದಾಗ ಎತ್ತಿದ್ದು ಅಜ್ಜಿ.

"ಬಾಗ್ಲ ತಗದೀವಿ. ಕೆಳಗ ತಂದೀವಿ. ನಾಲಿಗಿ ನೇರಳಿಹಣ್ಣ ಆಗೈತಿ. ಮೈ ಕೆಂಡ. ಕಂಬಳಿ ಹೊಚ್ಚೀನಿ. ಅಜ್ಜನ್ನ ಕರಿಯಾಕ ಕಳಿಸೀನಿ."

"ಕಂಬಳಿ ತಗಿ ಅಜ್ಜಿ! ನೀರು ಸುರಿ ಮೈಮ್ಯಾಲ!"

"ಜ್ವರದ ಮೈಗಿ ನೀರು ಹಾಕಿದ್ರ ಸೆಟದು ಸಾಯತೈತಿ, ಹುಚ್ಚಿ."

"ಡಾಕ್ಟ್ರ ಹೇಳ್ಯಾರ!"

"ಯಾವಾಗ ಹೇಳ್ಯಾರ? ಏನೂ ಆಗಂಗಿಲ್ಲ ಅಂತ ಹೇಳ್ಯಾರ ಅಂದಿದ್ದಿ ನೀನು."

ಅಲ್ಲಿ ಉಣ್ಣೆಯ ಕಂಬಳಿಯೊಳಗೆ ಅದು ಬೇಯುತ್ತಿದೆ, ಇಲ್ಲಿ ನನ್ನನ್ನು ನಂಬಲು ಅಜ್ಜಿಗೆ ಯಾವ ಕಾರಣವನ್ನೂ ನಾನು ಉಳಿಸಿಲ್ಲ.

"ಅರ್ಧ ಹೇಳಿದ್ದೆ ಅಜ್ಜಿ" ಎಂದೆ. "ಉಳಿದರ್ಧ ಮುಚ್ಚಿಟ್ಟಿದ್ದೆ. ಬಿಸಲಿಗಿ ಅದು ಸಾಯತೈತಿ, ನೀರು ಹಾಕ್ಬೇಕು ಅಂತ ಅವರು ಆವತ್ತ ಹೇಳಿದ್ರು. ನಿನ್ನ ಮುಂದ ಸೋಲಬಾರದು ಅಂತ ನಾ ಹೇಳಲಿಲ್ಲ. ಆಣಿಗೂ ಖರೆ."

ಆ ಕಡೆ ಫೋನನ್ನು ಹಾಗೆಯೇ ಕೆಳಗಿಟ್ಟ ಸಪ್ಪಳ. ದೂರದಲ್ಲಿ ಯಾರದೋ ಓಡಾಟ, ಅಂಗಳದಲ್ಲಿ ಗಂಡಸಿನ ದನಿ. ಅಷ್ಟರಲ್ಲಿ ಕೊಟ್ಟೂರಿನ ಬಸ್ಸು ಹೊರಟಿತು. ಓಡಿ ಹತ್ತಿದೆ.

ಆ ಒಂದು ತಾಸು ನಾನು ಏನನ್ನೂ ಪ್ರಾರ್ಥಿಸಲಿಲ್ಲ. ಪ್ರಾರ್ಥಿಸಲು ನಂಬಿದ ದೇವರು ಯಾರೂ ಇರಲಿಲ್ಲ ನನಗೆ. ಬಸ್ಸು ಕೈ ಮಾಡಿದಲ್ಲೆಲ್ಲ ನಿಂತಿತು. ಒಂದು ಕಡೆ ಮೆಣಸಿನಕಾಯಿ ಚೀಲಗಳನ್ನು ಮೇಲಕ್ಕೇರಿಸಿದರು. ಕಂಡಕ್ಟರು ಚಿಲ್ಲರೆ ಕೊಡುತ್ತ, "ಯಾಕ ತಂಗಿ, ಯಾರಿಗಾದ್ರೂ ಆರಾಮಿಲ್ಲೇನು?" ಎಂದರು. ಹೌದೆಂದು ತಲೆಯಾಡಿಸಿದೆ. ಯಾರಿಗೆ ಎಂದು ಕೇಳದಿರಲಿ ಎಂದು ಕಿಟಕಿಗೆ ಮುಖ ತಿರುಗಿಸಿದೆ. ಮೂರು ಚಿತ್ರಗಳು ಬಂದು ಬಂದು ಹೋಗುತ್ತಿದ್ದವು: ಕಂಬಳಿಯಲ್ಲಿ ಸತ್ತದ್ದು, ಬರೆಗೆ ಕಿರುಚಿ ಸತ್ತದ್ದು, ನೀರು ಬೀಳುವ ಮೊದಲೇ ಸತ್ತದ್ದು. ಮೂರರಲ್ಲೂ ಕೀಲಿ ನನ್ನ ಚೀಲದಲ್ಲೇ ಇತ್ತು.

ಮನೆಯ ಅಂಗಳ ಒದ್ದೆಯಾಗಿತ್ತು. ಹೊಸ್ತಿಲ ಬಳಿ ಕಂಬಳಿ ನೆನೆದು ಮುದ್ದೆಯಾಗಿ ಬಿದ್ದಿತ್ತು. ನಡುಮನೆಯ ಹಾಸುಗಲ್ಲಿನ ಮೇಲೆ ನಾಯಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ಅವ್ವ ತಂಬಿಗೆಯಿಂದ ಹೊಟ್ಟೆಯ ಮೇಲೆ ನೀರು ಬಿಡುತ್ತಿದ್ದಳು, ಅಜ್ಜಿ ಮೊರ ಹಿಡಿದು ಗಾಳಿ ಹಾಕುತ್ತಿದ್ದಳು. ಬದಿಯಲ್ಲಿ ಬಾಜೂಮನೆಯ ಅಜ್ಜ ಕುಕ್ಕರುಗಾಲಲ್ಲಿ ಕೂತಿದ್ದರು. ನಾಯಿಯ ಪಕ್ಕೆಯ ಮೇಲೆ ಕೂದಲು ಸುಟ್ಟು ಒಂದು ಗೆರೆ.

"ಎರಡು ಎಳಿ ಹಾಕಬೇಕಿತ್ತು" ಎಂದರು ಅವರು ತಪ್ಪೊಪ್ಪಿಕೊಳ್ಳುವವರಂತೆ. "ನಿಮ್ಮಜ್ಜಿ ಒಳಗ ಫೋನಿನ್ಯಾಗಿದ್ದಳು, ನಾ ಒಂದು ಎಳದೆ. ಹೊರಗ ಬಂದಕಿನ ಕೈ ಹಿಡದು ಬಿಡಿಸಿದಳು. ಕೊಡಪಾನ ನೀರು ನನ್ನ ಮ್ಯಾಲೂ ಹಾಕಿದಳು."

ನಾಲಗೆಯನ್ನು ನೋಡಿದೆ. ಅಂಚು ಇನ್ನೂ ಕಪ್ಪು, ನಡುವೆ ಸ್ವಲ್ಪ ಕೆಂಪು. ಉಸಿರು ಇತ್ತು. ಅದು ಗೊರಕೆಯಾಗಿರಲಿಲ್ಲ, ಗರಗಸದಿಂದ ಹಲಗೆ ಕೊಯ್ದ ಹಾಗೆ. ನಾನು ನಾಯಿಯನ್ನು ಎತ್ತಿಕೊಂಡೆ, ದವಾಖಾನೆಗೆ ಓಡಿದೆವು.

ಡಾಕ್ಟರು ಸೂಜಿ ಚುಚ್ಚಿ, ಸುಟ್ಟಲ್ಲಿಗೆ ಮುಲಾಮು ಹಚ್ಚಿ, ಒದ್ದೆ ಗೋಣಿಚೀಲದ ಮೇಲೆ ಮಲಗಿಸಿದರು. "ಅರ್ಧ ತಾಸು ತಡ ಆಗಿದ್ರ ಇಲ್ಲಿಗಿ ತರೂದ ಬ್ಯಾಡಾಗಿತ್ತು" ಎಂದರು. ಬದುಕುತ್ತದೆಯೇ ಎಂದು ಕೇಳಿದೆ. "ಇನ್ನೆರಡು ದಿನ ಗಂಟ್ಲು ಬಾಯತೈತಿ. ಸಪ್ಪಳ ಕೇಳಕಂತ ಕುಂದರ್ರಿ. ಆಮ್ಯಾಲ ಹೇಳ್ತೀನಿ."

ಕೆಳಗಿನ ನಡುಮನೆಯಲ್ಲಿ, ಮಣ್ಣಿನ ಮಾಳಿಗೆಯ ತಂಪಿನಲ್ಲಿ, ನಾನೂ ಅಜ್ಜಿಯೂ ಎರಡು ಹಗಲು ಅದರ ಎರಡೂ ಬದಿ ಕೂತೆವು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮೊದಲ ದಿನ ಮಧ್ಯಾಹ್ನ ಅವಳು, "ನೀ ಬೀಗ ಹಾಕಬ್ಯಾಡ. ನಾ ಬರಿ ಹಾಕಸಂಗಿಲ್ಲ" ಎಂದಳು. ಹೂಂ ಎಂದೆ. "ಡಾಕ್ಟ್ರ ಮಾತು ಪೂರಾ ಹೇಳಬೇಕು." ಅದಕ್ಕೂ ಹೂಂ ಎಂದೆ.

"ಆ ಒಂದು ಎಳಿಂದ ಏನೂ ಆಗಲಿಲ್ಲಂತಿ ನೀನು?" ಎಂದಳು ನಾಯಿಯ ಪಕ್ಕೆಯ ಸುಟ್ಟ ಗೆರೆ ನೋಡುತ್ತ.

"ನೋವಾತು. ಅಷ್ಟ."

"ಇರಬೌದು" ಎಂದಳು. ಅಜ್ಜಿಯ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಗೆದ್ದಂತೆ ಅನ್ನಿಸಲಿಲ್ಲ.

ಎರಡನೇ ದಿನ ಮೂರು ಗಂಟೆಯ ಬಿಸಿಲಿಗೆ ಸಪ್ಪಳ ಒಮ್ಮೆಲೇ ಬದಲಾಯಿತು. ದಪ್ಪಗಾಯಿತು, ನಡುವೆ ತಡೆಯಿತು, ಮತ್ತೆ ಹೊರಟಿತು. ನಾವಿಬ್ಬರೂ ಬಗ್ಗಿ ಕಿವಿ ಹಚ್ಚಿದೆವು. ಅಜ್ಜಿಯ ಬೆರಳು ನನ್ನ ಮೊಣಕೈ ಹಿಡಿದಿತ್ತು, ಅವಳಿಗೇ ಗೊತ್ತಿಲ್ಲದೆ ಬಿಗಿಯಾಗಿ.

"ಇದು ಯಾವುದು?" ಎಂದಳು ಪಿಸುದನಿಯಲ್ಲಿ. "ಜಾತೀದೋ, ಜಡ್ಡಿಂದೋ?"

"ಗೊತ್ತಾಗವಲ್ದು ಅಜ್ಜಿ."

"ಹಂಗಾರ ನೀರು ತಾ" ಎಂದಳು.

ನಾನು ತಂಬಿಗೆ ತರಲು ಎದ್ದೆ.