ಅಕ್ಕನ ಮೊಣಕಾಲಿನ ಪುಡಿ

ಔಷಧದ ಡಬ್ಬಿ ಕೈಗೆ ಬಂದರೆ ಮೊದಲು ಹಿಂಬದಿಯ ಸಣ್ಣಕ್ಷರ ಓದುವವನು ನಾನು. ಕೆಮ್ಮಿನ ಸಿರಪ್ಪಿನ ಮೇಲೆ ‘ಅಪರೂಪಕ್ಕೆ ತಲೆಸುತ್ತು ಬರಬಹುದು’ ಎಂದಿದ್ದರೆ ಮುಚ್ಚಳ ತೆಗೆಯುವ ಮೊದಲೇ ನನಗೆ ತಲೆ ಸುತ್ತುತ್ತದೆ. ದಿಂಡಿಗಲ್ಲಿನ ನನ್ನ ಪಂಪ್‌ಸೆಟ್ ಅಂಗಡಿಯಲ್ಲಿ ನಟ್ಟು ಬೋಲ್ಟಿಗಿಂತ ಮಾತ್ರೆಗಳೇ ಜಾಸ್ತಿ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಇಂಥ ನನಗೂ ಅಕ್ಕನ ಪುಡಿಯ ಪೊಟ್ಟಣದಲ್ಲಿ ಓದಲು ಏನೂ ಸಿಗಲಿಲ್ಲ. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

ಅಕ್ಕ ಇರುವುದು ಬೋಡಿನಾಯಕನೂರಿನಲ್ಲಿ. ಏಲಕ್ಕಿ ಗೋದಾಮಿನಲ್ಲಿ ದಿನವೆಲ್ಲ ನೆಲದ ಮೇಲೆ ಕೂತು ಕಾಯಿ ಆರಿಸುವ ಕೆಲಸ. ಒಡೆದದ್ದು, ಬಿಳಿಚಿಕೊಂಡದ್ದು ಒಂದು ಕಡೆ. ದಪ್ಪ ಹಸಿರು ಕಾಯಿ ಇನ್ನೊಂದು ಕಡೆ. ಭಾವ ತೀರಿಕೊಂಡ ಮೇಲೆ ಅವಳು ಯಾರ ಮುಂದೆಯೂ ಕೈಯೊಡ್ಡದೆ ಬದುಕಿದ್ದು ಆ ಕೆಲಸದಿಂದ. ಮೊಣಕಾಲು ಹಿಡಿದುಕೊಂಡು ಕೂರಲಾಗದೆ ಹೋದಾಗ ಯಾರೋ ಬತ್ತಲಗುಂಡು ಊರಿನ ಅಂಗಡಿಯೊಂದರಿಂದ ಮೂಲಿಕೆ ಪುಡಿ ತಂದುಕೊಟ್ಟರು. ಮೊಣಕಾಲು ಮತ್ತೆ ಮಡಚಿತು. ಕಷ್ಟ ಬಂದದ್ದೇ ಅಲ್ಲಿ, ಪುಡಿ ಕೆಲಸ ಮಾಡಿತು. ಬೆಳಿಗ್ಗೆಯ ಒಂದು ಚಮಚ ಸಂಜೆಗೂ ಬಂತು.

“ಏನಿದೆ ಅಕ್ಕಾ ಇದರಲ್ಲಿ?”

“ಬೇರು, ಚಕ್ಕೆ. ಇಂಗ್ಲೀಷ್ ಮಾತ್ರೆ ಅಲ್ವಲ್ಲ. ನೀನು ಹುಟ್ಟೋವಾಗ್ಲೇ ಮುದುಕ ಕಣ್ಡಾ.”

ಆಮೇಲೆ ಅವಳ ಕಣ್ಣು ಹಳದಿಯಾಯಿತು. ಕಾಮಾಲೆಗೆ ನಮ್ಮವರು ಮೊದಲು ಆಸ್ಪತ್ರೆಗೆ ಹೋಗುವುದಿಲ್ಲ; ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಯುತ್ತಾರೆ. ಅಕ್ಕಪಕ್ಕದ ಹೆಂಗಸರು ಅದನ್ನೂ ಅರೆದುಕೊಟ್ಟರು. ಪುಡಿಯನ್ನಂತೂ ಅವಳು ಬಿಟ್ಟಿರಲೇ ಇಲ್ಲ. ತಿಂದದ್ದು ನಿಲ್ಲದೆ, ಎದ್ದು ನಿಲ್ಲಲೂ ಆಗದೆ ಹೋದ ಮೇಲೆ ಗೋದಾಮಿನವರು ನನಗೆ ಫೋನ್ ಮಾಡಿದರು. ಹೋಗಿ ತೇನಿಯ ಆಸ್ಪತ್ರೆಗೆ ಕರೆತಂದೆ.

“ಬೇರೆ ಏನಾದ್ರೂ ಔಷಧ ತಗೋತೀರಾ?” ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು.

“ಏನೂ ಇಲ್ಲಮ್ಮಾ,” ಅಕ್ಕನೂ ತಮಿಳಿನಲ್ಲೇ ಹೇಳಿದಳು. ನಗುಮುಖದಲ್ಲೇ ನನ್ನ ಕಡೆ ತಿರುಗಿ ನಮ್ಮ ಮನೆಮಾತಿನಲ್ಲಿ, “ಪುಡಿ ಸಮಾಚಾರ ಯೋಳ್ಬ್ಯಾಡ್ಡಾ. ನಿಲ್ಲಿಸ್ಬುಡ್ತಾಳೆ,” ಅಂದಳು.

ಕರ್ನಾಟಕ ಬಿಟ್ಟು ಎಷ್ಟು ತಲೆಮಾರು ಕಳೆದಿದೆಯೋ, ಈ ತಮಿಳು ಸೀಮೆಯಲ್ಲಿ ನಮ್ಮ ಕನ್ನಡಕ್ಕೆ ಉಳಿದಿರುವ ದೊಡ್ಡ ಉಪಯೋಗ ಇದೇ. ಬಸ್ಸಿನಲ್ಲಿ ಮುಂದೆ ಕೂತವಳ ಸೀರೆಯ ಬಗ್ಗೆ ಆಡಿಕೊಳ್ಳಬಹುದು, ಅಂಗಡಿಯವನ ಎದುರೇ ಅವನು ಕಳ್ಳ ಅನ್ನಬಹುದು. ಆ ಕೋಣೆಯಲ್ಲೂ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

“ಏನಂತಾರೆ?” ಡಾಕ್ಟರಮ್ಮ ನನ್ನನ್ನು ಕೇಳಿದರು.

ಹೇಳಿದರೆ ಪುಡಿ ಹೋಗುತ್ತದೆ. ಪುಡಿ ಹೋದರೆ ಮೊಣಕಾಲು, ಮೊಣಕಾಲು ಹೋದರೆ ಗೋದಾಮು. ಆದರೆ ಅಕ್ಕನ ಅಂಗೈ ಕೂಡ ಅರಿಶಿನ ಹಚ್ಚಿದಂತಿತ್ತು. ಹೇಳಿಬಿಟ್ಟೆ. ಪುಡಿಯನ್ನೂ ನೆಲನೆಲ್ಲಿಯನ್ನೂ ಎರಡನ್ನೂ ಹೇಳಿದೆ. ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು.

“ಬೇರಾದ್ರೇನು, ಅದೂ ಲಿವರ್ ದಾಟಿಯೇ ಹೋಗ್ಬೇಕಲ್ಲ?” ಅಂದರು ಡಾಕ್ಟರಮ್ಮ. “ಕೆಲವು ಮೂಲಿಕೆನೇ ಲಿವರಿಗೆ ಆಗಲ್ಲ. ಕೆಲವು ಪುಡಿಗೆ ಇಂಗ್ಲೀಷ್ ಮಾತ್ರೆನೇ ಅರೆದು ಸೇರಿಸಿರ್ತಾರೆ, ಅದಕ್ಕೇ ನೋವು ಅಷ್ಟು ಬೇಗ ಇಳಿಯೋದು. ಹೆಸರೇ ಇಲ್ಲದ ಪುಡಿ ನೋಡಿ ನಾನೇನು ಹೇಳಲಿ? ಪೊಟ್ಟಣ ತನ್ನಿ. ಅಡ್ಮಿಟ್ ಮಾಡಿ. ಅಂಥ ಮಾತ್ರೆ ಸೇರಿದ್ರೆ ತಟ್ಟನೆ ಬಿಡೋದೂ ಅಪಾಯ, ನಿಲ್ಲಿಸೋದೂ ನಮ್ಮ ಕಣ್ಣೆದುರೇ ಆಗ್ಬೇಕು.” ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೇನಾದ್ರೂ ತಗೋತೀರಾ?”

“ನಿದ್ದೆಗೆ ಅಶ್ವಗಂಧ. ಬಿಪಿ ಮಾತ್ರೆ ಜೊತೆಗೆ.”

“ಬಿಪಿ ನೋಡೋ ಡಾಕ್ಟರಿಗೆ ಗೊತ್ತಾ?”

ಅಶ್ವಗಂಧದ ಡಬ್ಬಿಯ ಮೇಲೆ ‘ವೈದ್ಯರ ಸಲಹೆ ಪಡೆಯಿರಿ’ ಎಂದು ಇದೆ. ನಾನು ಅದನ್ನು ದಿನಾ ಓದಿಯೇ ನುಂಗುತ್ತಿದ್ದೆ.

ಅಕ್ಕನ ಹಳದಿ ನಿಧಾನಕ್ಕೆ ಇಳಿಯಿತು. ಲಿವರ್ ಮೊದಲಿನಂತಾಗುವುದು ಅನುಮಾನ ಎಂದರು. ನೋವಿನ ಮಾತ್ರೆಯನ್ನೂ ಅಳೆದು ತೂಗಿಯೇ ಕೊಡಬೇಕಂತೆ. ಮೊಣಕಾಲು ಮೊದಲಿಗಿಂತ ಕೆಟ್ಟಿತು.

ಮೊನ್ನೆ ಹೋದಾಗ ಅಕ್ಕ ಹಗಲಲ್ಲೇ ಮನೆಯಲ್ಲಿದ್ದಳು. ಗೋದಾಮಿನಲ್ಲಿ ಅವಳ ಜಾಗಕ್ಕೆ ಬೇರೆ ಹೆಂಗಸು ಬಂದಿದ್ದಾಳೆ.

“ಅಕ್ಕನ್ನ ಉಳಿಸ್ದ ಅಂತ ಎಲ್ಲಾರೂ ನಿನ್ನ ಹೊಗಳ್ತಾರೆ,” ಅಂದಳು. “ಈಗ ಮೊಣಕಾಲಿಗೆ ಏನು ಕೊಡ್ತೀಯಾ, ಯೋಳು. ಅಷ್ಟೊಂದು ಓದ್ತೀಯಲ್ಲ.”

ಬಿಸಿನೀರಿನ ಶಾಖ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಅಂತೆಲ್ಲ ಶುರುಮಾಡಿದೆ. ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು. ಗೋದಾಮಿನಲ್ಲಿ ಕುರ್ಚಿ ಹಾಕಿಕೊಡಿ ಅಂತ ಕೇಳೋಣವಾ ಅಂದೆ.

“ಎಲ್ಲಾರೂ ನೆಲದಾಗೆ ಕೂತಿರ್ವಾಗ ನಾನು ದೊರೆಸಾನಿ ತರ ಕುರ್ಚಿ ಮ್ಯಾಲಾ?”

ನಕ್ಕಳು. ಆಮೇಲೆ ಗೋಡೆ ಹಿಡಿದು, ಇನ್ನೂ ಕೂರಬಲ್ಲೆ ಎಂದು ನನಗೆ ತೋರಿಸುವವಳಂತೆ ಬಗ್ಗಿದಳು. ಮೊಣಕಾಲು ಅರ್ಧಕ್ಕೆ ನಿಂತಿತು. ಕೆಳಗೂ ಹೋಗಲಿಲ್ಲ, ಮೇಲೂ ಬರಲಿಲ್ಲ. ನಾನು ಓಡಿಹೋಗಿ ಕಂಕುಳಿಗೆ ಕೈಕೊಟ್ಟೆ.

“ಬುಡು,” ಅಂದಳು.

ಬಿಟ್ಟಿದ್ದರೆ ಬೀಳುತ್ತಿದ್ದಳು.