ಇನ್ನೊಂದ್ಸಲ ಒತ್ತಿ

ನಾಗರತ್ನಕ್ಕ, ಅವತ್ತು ಬೆರಳಚ್ಚಿನ ಮಷೀನು ನಿಮ್ಮ ಬೆರಳನ್ನು ಮೊದಲ ಸಲವೇ ತೆಗೆದುಕೊಂಡಿತ್ತು. ತೆಗೆದುಕೊಳ್ಳಲಿಲ್ಲ ಎಂದು ನಾನು ಸುಳ್ಳು ಹೇಳಿದೆ.

ರೇಷ್ಮೆ ನೂಲು ತೆಗೆಯುವ ನಮ್ಮ ವಿಜಯಪುರದಲ್ಲಿ ಯಾರು ಬೇಕಾದರೂ ನಂಬುವ ಸುಳ್ಳು ಅದು. ನಿಮ್ಮಂತೆ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಹುಡುಕುವವರ ಬೆರಳಿನ ಗೆರೆ ಸವೆದಿರುತ್ತದೆ — ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ನಿಮಗೆ ಎಷ್ಟು ಸಲ ಹಾಗಾಗಿತ್ತೋ. ಸಿಮ್ಮಿಗೆಂದು ನನ್ನ ಅಂಗಡಿಗೆ ಬಂದಿದ್ದಿರಿ. "ತಗೊಳ್ಲಿಲ್ಲ ಅಕ್ಕ, ಇನ್ನೊಂದ್ಸಲ ಒತ್ತಿ" ಅಂದೆ. ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ಒತ್ತಿದಿರಿ, ತಪ್ಪು ನಿಮ್ಮದೇ ಎಂಬಂತೆ ನಕ್ಕಿರಿ ಬೇರೆ. ಆ ಎರಡನೇ ಸಲಕ್ಕೆ ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ಚಾಲೂ ಆಯಿತು. ಬೇರೆಯವರ ಹೆಸರಿನ ಸಿಮ್ ಬೇಕೆಂದು ಯಾರೋ ಕೇಳಿದ್ದರು, ಕೊಟ್ಟೆ — ಯಾಕೆ ಎಂದು ವಿಚಾರಿಸಲಿಲ್ಲ. ಕಂಪನಿಯ ಟಾರ್ಗೆಟ್ ಮುಟ್ಟಿತಲ್ಲ, ಅಷ್ಟೇ ನೋಡಿದೆ.

ಆಮೇಲೆ ನಿಮ್ಮ ಮಗಳು ಸರ್ಕಾರದ ವೆಬ್‌ಸೈಟಿನಲ್ಲಿ ಅಮ್ಮನ ಹೆಸರಿಗೆ ಎಷ್ಟು ನಂಬರ್ ಇವೆ ಎಂದು ನೋಡಿದಳು. ಎರಡು. ನಿಮ್ಮ ಯಜಮಾನರಾದ ಮುನಿರಾಜಣ್ಣನದು ಮೊದಲೇ ಅನುಮಾನದ ಬುದ್ಧಿ. ನೀವು ಫೋನ್ ಹಿಡಿದು ಹಿತ್ತಲಿಗೆ ಹೋದರೂ ಹಿಂದೆ ಬರುವ ಮನುಷ್ಯ. ನೇರ ಅಂಗಡಿಗೆ ಬಂದರು. ಕೂಗಾಡಲಿಲ್ಲ. "ಆ ಇನ್ನೊಂದು ನಂಬರ್ ಇವ್ಳೇ ಬಂದು ತಗೊಂಡ್ಲಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿ ಹೋಗುತ್ತೆ, ಪೊಲೀಸು ಬರುತ್ತೆ ಎಂಬ ಭಯ — "ಬೆರಳು ಒತ್ತದೆ ಸಿಮ್ ಬರಲ್ಲ ಅಣ್ಣ, ರೂಲ್ಸೇ ಹಂಗೈತೆ" ಅಂದೆ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಜೀವನದಲ್ಲಿ ಆಡಿದ ಅತ್ಯಂತ ಹೊಲಸು ಮಾತು ಅದು.

ಆ ಮಾತಿನಿಂದ ಮನೆ ಮುರಿದು ನೀವು ಹೊಸಕೋಟೆ ಕಡೆಯ ತವರಿಗೆ ಹೊರಟ ದಿನ ಅಂಗಡಿಯ ಮುಂದೆ ನಿಂತಿರಿ. "ಅವತ್ತು ಮಷೀನಲ್ಲಿ ಮೊದ್ಲೇ ಹಸಿರು ಲೈಟು ಬಂದಿತ್ತಲ್ವೇನಪ್ಪಾ?" ಎಂದು ಕೇಳಿದಿರಿ. ನೆನಪಿಲ್ಲ ಎಂದೆ.

ಅಂದಿನಿಂದ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗಿರಾಕಿ ಮಷೀನನ್ನು ಒಂದು ಕ್ಷಣ ಹೆಚ್ಚು ನೋಡಿದರೂ ಇವರಿಗೆ ಗೊತ್ತೇನೋ ಅನ್ನಿಸುತ್ತದೆ. ಈಗ ಹೊಸ ನಿಯಮ ಬಂದಿದೆ, ಸಿಮ್ ಮಾರುವವರೂ ನೋಂದಣಿ ಮಾಡಿಸಬೇಕಂತೆ. ಮೊನ್ನೆ ಅದಕ್ಕೆ ಹೋದಾಗ ಕಂಪನಿಯವರು ನನ್ನ ಹೆಬ್ಬೆರಳು ಒತ್ತಿಸಿ, ತಗೊಳ್ಳಲಿಲ್ಲ, ಇನ್ನೊಂದ್ಸಲ ಅಂದರು. ಬೆಂಕಿ ತಾಗಿದಂತೆ ಕೈ ಎಳೆದುಕೊಂಡೆ. ಸ್ಕ್ರೀನ್ ತೋರಿಸಿ ಎಂದು ಜಗಳಕ್ಕೇ ಬಿದ್ದೆ. ನೋಡಿದರೆ — ನಿಜವಾಗಿಯೂ ತೆಗೆದುಕೊಂಡಿರಲಿಲ್ಲ. ನೀವು ಕಣ್ಣಾರೆ ಹಸಿರು ಕಂಡೂ ನನ್ನ ಮಾತನ್ನೇ ನಂಬಿದ್ದಿರಿ.

ನೋಂದಣಿ ಮಾಡಿಸದೆ ಎದ್ದು ಬಂದೆ. ನಾಳೆ ಮುನಿರಾಜಣ್ಣನ ಮುಂದೆ ಹೇಳುತ್ತೇನೆ, ಆಮೇಲೆ ಠಾಣೆಯಲ್ಲಿ. ಅದರಿಂದ ನೀವು ಆ ಮನೆಗೆ ಮರಳಬೇಕೆಂದಲ್ಲ. ನೀವು ಕೇಳಿದ್ದಕ್ಕೆ ನಾನು ನಿಜವಾದ ಉತ್ತರ ಕೊಟ್ಟಿರಲಿಲ್ಲ, ಅಷ್ಟೇ.

ಬಂದಿತ್ತು ಅಕ್ಕ. ಮೊದಲೇ ಹಸಿರು ಬಂದಿತ್ತು.