ಬ್ಲೂಸ್ ಎಂದು ಬರೆದಿದ್ದ ಡಬ್ಬಿ

ದಾವಣಗೆರೆಗೆ ಬಂದ ಮೂರನೇ ದಿನ ತರಕಾರಿ ಗಾಡಿಯವಳು ನನ್ನ ಮಾತು ಕೇಳಿ, ಬದನೆಕಾಯಿ ತೂಗುವುದನ್ನು ನಿಲ್ಲಿಸಿ, "ನೀವು ಯಾ ದೇಶದೋರ್ರಿ?" ಎಂದಳು. ನಾನು ಮಾತಾಡಿದ್ದು ಕನ್ನಡವೇ. ಮುಂಬೈಯಲ್ಲಿ ಐವತ್ತು ವರ್ಷ ಕಾನಡಿ ಬಾಯಿ ಅನ್ನಿಸಿಕೊಂಡವಳು, ಕನ್ನಡದ ಊರಲ್ಲಿ ಪರದೇಶಿಯಾದೆ. "ಮುಂಬೈ" ಎಂದೆ. "ಹಂಗನ್ರಿ ಮತ್ತೆ" ಎಂದು ಒಂದು ಕಾಯಿ ಹೆಚ್ಚಿಗೆ ಹಾಕಿದಳು. ಪಾಪ ಅನ್ನಿಸಿರಬೇಕು.

ಮುಂಬೈಯಲ್ಲಿ ನಾವಿದ್ದ ಸಾಲುಕೋಣೆಗಳ ಚಾಳು ಕೆಡವಿದ ಮೇಲೆ ಅಣ್ಣನೂ ನಾನೂ ಇಲ್ಲಿಗೆ ಬಂದದ್ದು ಅಲ್ಲಿ ಈ ಪತ್ರಿಕೆ ಓದುವ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅವ್ವ ಇಲ್ಲಿಯ ಲೋಕಿಕೆರೆಯವಳು. ಹರಿಹರದಲ್ಲಿ ಚಿಕ್ಕವ್ವನ ಮಗ ನಾಗರಾಜ ಇದ್ದಾನೆ. ಆವರಗೆರೆ ಕಡೆ ಮೇಲ್ಮಾಳಿಗೆಯ ಎರಡು ಕೋಣೆ ಹುಡುಕಿಕೊಟ್ಟವನು ಅವನೇ. ಅಣ್ಣ ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಬರೆಯುವುದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ.

ಅಲ್ಲಿ ನಲ್ಲಿಯ ಮುಂದೆ ಕೊಡಗಳ ಸಾಲು, ಸಾಲಿನಲ್ಲೇ ಜಗಳ, ಜಗಳದಲ್ಲೇ ಸ್ನೇಹ. ಇಲ್ಲಿ ಮನೆಯೊಳಗೇ ನಲ್ಲಿ ಇದೆ, ಮಾತಾಡಲು ಯಾರೂ ಇಲ್ಲ. ಅಲ್ಲಿಯ ಕುರ್ಮುರಾ ಇಲ್ಲಿ ಮಂಡಕ್ಕಿ. ಸಂಜೆಯಾದರೆ ಊರಿಗೆ ಊರೇ ಅದನ್ನು ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿಯ ಜೊತೆ ತಿನ್ನುತ್ತದೆ. ಮೊದಮೊದಲು ನಾನು ಒಬ್ಬಳೇ ಕೂತು ಅರ್ಧ ತಿಂದು ಪೊಟ್ಟಣ ಕಟ್ಟಿಡುತ್ತಿದ್ದೆ.

ಕೆಳಗಿನ ಮನೆಯಲ್ಲಿದ್ದ ಒಡತಿ ಗಿರಿಜಕ್ಕ ನನ್ನ ಕೈಹಿಡಿದರು. ಹೊಲಿಗೆ ಬರುತ್ತದೆ ಎಂದು ಗೊತ್ತಾದ ವಾರದಲ್ಲೇ ಓಣಿಯ ಹೆಂಗಸರನ್ನೆಲ್ಲ ಮೇಲೆ ಕಳಿಸಿದರು. ಇಲ್ಲಿಯ ಹಿರಿಯರು ಬ್ಲೌಸಿಗೆ ಜಂಪರ್ ಅನ್ನುತ್ತಾರೆ. "ಬಾಂಬೆ ಜಂಪರ್ ಹೊಲಿತಾಳ, ಹೋಗ್ರಿ" ಎಂದು ಗಿರಿಜಕ್ಕ ಹೇಳಿದ್ದೇ ನನ್ನ ಬೋರ್ಡು.

ಅಣ್ಣನ ಸಂಗಾತಿ ಒಂದು ಡಬ್ಬಿ. ಅವನು ಲ್ಯಾಮಿಂಗ್ಟನ್ ರಸ್ತೆಯಲ್ಲಿ ರೇಡಿಯೊ, ಟೇಪ್ ರಿಪೇರಿ ಮಾಡುತ್ತಿದ್ದವನು. ಹಡಗಿನವರು ಮಾರಿಹೋದ ಕ್ಯಾಸೆಟ್ಟುಗಳನ್ನು ಮೂವತ್ತು ವರ್ಷ ಫುಟ್‌ಪಾತಿನಿಂದ ಆರಿಸಿ ತಂದು ಅದರಲ್ಲಿ ತುಂಬಿದ್ದ. ಎಲ್ಲವೂ ಬ್ಲೂಸ್. ಬ್ಲೂಸ್ ಅಂದರೆ ಅಮೆರಿಕದ ಕರಿಯರ ದುಃಖದ ಹಾಡು. ಆದರೆ ಅಣ್ಣನಿಗೆ ಹುಚ್ಚು ಇದ್ದದ್ದು ಅದನ್ನು ಕಲಿತು ಹಾಡಿದ ಹಳೆಯ ಕಾಲದ ಬಿಳಿಯರದು. ಒಬ್ಬ ಗಿಟಾರಿನ ಒಂದೇ ತಂತಿಯನ್ನು ಅಳುವವರೆಗೆ ಎಳೆಯುತ್ತಿದ್ದ. ಒಬ್ಬಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು.

ಗಿರಿಜಕ್ಕ ಒಮ್ಮೆ ಮೆಟ್ಟಿಲಲ್ಲಿ ನಿಂತು ಕೇಳಿ, "ಅಣ್ಣಾರೆ, ಅವನಿಗೆ ಹೊಟ್ಟಿ ನೋವೇನ್ರಿ? ಓಂಕಾಳು ಕೊಡ್ಬೇಕಿತ್ತು" ಎಂದರು.

"ಹೊಟ್ಟೆ ಅಲ್ಲ ಅಕ್ಕಾರೆ, ಎದೆ."

"ಹಂಗಾದ್ರ ಡಾಕ್ಟ್ರಿಗೆ ತೋರ್ಸ್ಬೇಕು. ಟೇಪ್ ಮಾಡಿದ್ರ ಹೆಂಗೆ?"

ಅಣ್ಣ ನಕ್ಕು ನಕ್ಕು ಕೆಮ್ಮಿದ.

ಕರಿಯರ ಹಾಡನ್ನು ಬಿಳಿಯರು ಹಾಡಿದರೆ ಕದ್ದ ಹಾಗಲ್ಲವಾ ಎಂದು ನಾನೂ ಕೇಳಿದ್ದೆ. "ಕದ್ದವರೂ ಇದ್ದಾರೆ" ಎಂದ. "ನನಗೆ ಬೇಕಾದವರು ಯಾರಿಂದ ಕಲಿತೆವು ಅಂತ ಹೆಸರು ಹಿಡಿದು ಹೇಳಿದರು. ಬಾಡಿಗೆ ಮನೆ ಇದು, ನಂದಲ್ಲ ಅಂತ ಹೇಳ್ತಾನೇ ದಿನಾ ಗೋಡೆ ಒರೆಸಿ ಇಟ್ಟ ಹಾಗೆ."

ಹೋದ ವರ್ಷ ಗೆಳೆಯನ ಮಗಳ ಮದುವೆಗೆ ಅಣ್ಣ ಮುಂಬೈಗೆ ಹೋದ. ನನಗೆ ಹೊಲಿಗೆ ತುಂಬಿತ್ತು, ಹೋಗಲಾಗಲಿಲ್ಲ. ಬಟ್ಟೆ ಹರಡಲು ಜಾಗ ಸಾಲದೆ ಅವನ ಡಬ್ಬಿಯನ್ನು ಕೆಳಗೆ ಮೆಟ್ಟಿಲಡಿ ಇಟ್ಟಿದ್ದೆ. ಮೇಲೆ ಅವನು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬ್ಲೂಸ್ ಎಂದು ಬರೆದಿದ್ದ. ಮಧ್ಯಾಹ್ನ ಗಿರಿಜಕ್ಕ ಕೆಳಗಿನಿಂದ ಕೂಗಿದರು: "ಲಲಿತಮ್ಮಾ, ಗುಜರಿಯವ ಬಂದಾನ. ಬ್ಲೌಸ್ ಅಂತ ಬರ್ದಿರೋ ಡಬ್ಬಿ ಐತಲ್ಲ, ಚಿಂದಿ ಇರ್ಬೇಕು. ಕೊಟ್ಬಿಡ್ಲೇನ್ರಿ?"

"ಕೊಡ್ರಿ" ಎಂದೆ, ಮಶಿನ್ ತುಳಿಯುತ್ತಲೇ.

ದಾರ ತುಂಡಾಯಿತು. ಮಶಿನ್ ನಿಂತಿತು. ನನ್ನ ಚಿಂದಿ ಇರುವುದು ಗೋಣಿಚೀಲದಲ್ಲಿ, ಡಬ್ಬಿಯಲ್ಲಲ್ಲ ಎಂದು ಆಗ ಹೊಳೆಯಿತು. ಕಿಟಕಿಗೆ ಹೋದೆ. ಗುಜರಿಯವ ಇನ್ನೂ ಬೇವಿನ ಮರದ ಹತ್ತಿರ ನಿಂತು ಗಾಡಿಗೆ ಹಗ್ಗ ಬಿಗಿಯುತ್ತಿದ್ದ. ಎಲ್ಲದರ ಮೇಲೆ ಅಣ್ಣನ ಡಬ್ಬಿ, ಅಕ್ಷರ ನನ್ನ ಕಡೆಗೇ ತಿರುಗಿತ್ತು. ಇಪ್ಪತ್ತು ಹೆಜ್ಜೆ. ಒಂದು ಸಲ ಕೂಗಿದ್ದರೆ ಸಾಕಿತ್ತು.

ನಾನು ಕೂಗಲಿಲ್ಲ. ಕೂತು ಸೂಜಿಗೆ ದಾರ ಪೋಣಿಸಿದೆ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಮುಂಬೈ ಚಾಳಿನ ಜೊತೆ ಉರುಳಿ ಬಿತ್ತು. ಅವನ ಮುಂಬೈ ಮಾತ್ರ ಒಂದು ಡಬ್ಬಿಯೊಳಗೆ ಗೀರು ಬೀಳದೆ ಬಂದಿತ್ತು. ದಿನಾ ಮಧ್ಯಾಹ್ನ ಅವನು ಅದರೊಳಗೆ ಹೋಗುತ್ತಿದ್ದ, ನಾನು ಹೊರಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ಅವನಿಗೂ ಏನೂ ಉಳಿಯದಿರಲಿ ಅನ್ನಿಸಿತು. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ಅಣ್ಣ ಬಂದಾಗ, "ಗಿರಿಜಕ್ಕ ಬ್ಲೌಸ್ ಅಂತ ಓದಿ ಗುಜರಿಗೆ ಕೊಟ್ಟುಬಿಟ್ಟರು" ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಗಿರಿಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ನಾಕಕ್ಷರ ಕಲ್ತು ನಿಮ್ಮ ಮನಿ ಹಾಳು ಮಾಡ್ದೆ ಅಣ್ಣಾರೆ." ಯಾರಿಗೂ ಗದರದ ಅಣ್ಣ, "ಓದೋಕೆ ಬರಲ್ಲ ಅಂದ್ರೆ ಓದಬಾರದು" ಎಂದ. ನಾನು ಅಲ್ಲೇ ನಿಂತಿದ್ದೆ. ಅಂದಿನಿಂದ ಗಿರಿಜಕ್ಕ ಇಂಗ್ಲಿಷ್ ಅಕ್ಷರ ಕಂಡರೆ ಮುಖ ತಿರುಗಿಸುತ್ತಾರೆ. ತಮ್ಮ ಬಿ.ಪಿ. ಮಾತ್ರೆಯ ಹೆಸರನ್ನೂ ನನ್ನ ಹತ್ತಿರ ಓದಿಸುತ್ತಾರೆ.

ಊರೆಲ್ಲ ವಿಚಾರಿಸಿ, ಆ ಗುಜರಿ ಮಾಲು ಹರಿಹರದ ಗೋಡೌನಿಗೆ ಹೋಗುತ್ತದೆ ಎಂದು ಪತ್ತೆ ಮಾಡಿದ್ದೂ ಅವರೇ. ಅಣ್ಣನೂ ನಾನೂ ಬಸ್ಸು ಹಿಡಿದು ಹೋದೆವು. ಗೋಡೌನಿನವ ತಲೆ ಕೆರೆದುಕೊಂಡ. "ಕ್ಯಾಸೆಟ್ಟಾ? ಹೊಲದೋರು ಒಯ್ದ್ರಲ್ರಿ, ಹಕ್ಕಿ ಕಾಯಾಕೆ."

ಇಲ್ಲಿ ಭತ್ತ ತೆನೆಗೆ ಬಂದಾಗ ಹಳೆಯ ಟೇಪು ಬಿಚ್ಚಿ ಗದ್ದೆಯ ಮೇಲೆ ಗೂಟದಿಂದ ಗೂಟಕ್ಕೆ ಎಳೆದು ಕಟ್ಟುತ್ತಾರೆ. ಗಾಳಿ ಬೀಸಿದರೆ ಅದು ಗುಂಯ್ ಎನ್ನುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಇಳಿಯುವುದಿಲ್ಲ. ಗೋಡೌನಿನವ ದಾರಿ ಹೇಳಿದ. ಊರಾಚೆಯ ಆ ಗದ್ದೆಯ ಬದುವಿನಲ್ಲಿ ಅಣ್ಣನ ಕೈಬರಹದ ಖಾಲಿ ಕ್ಯಾಸೆಟ್ಟುಗಳು ಬಿದ್ದಿದ್ದವು. ತೆನೆಗಳ ಮೇಲೆ ಕಂದು ಪಟ್ಟಿ ಎಲ್ಲಿಂದ ಎಲ್ಲಿಗೋ ಹೋಗಿತ್ತು.

"ಇದ್ರಾಗ ಹಾಡು ಇದ್ವೇನ್ರಿ?" ಎಂದ ಗದ್ದೆಯವ. "ಛೇ. ಬಿಚ್ಚಿ ಕೊಡ್ಲಾ?"

"ಬೇಡ" ಎಂದ ಅಣ್ಣ. "ಗುಬ್ಬಿ ಬರ್ತಾವಾ?"

"ಒಂದೂ ಬರಲ್ರಿ."

ಅಣ್ಣ ಬಹಳ ಹೊತ್ತು ನಿಂತು ಆ ಸದ್ದು ಕೇಳಿದ. ಆಮೇಲೆ, "ಆ ಅಕ್ಕನಿಗೆ ಅಷ್ಟು ಬಿರುಸಾಗಿ ಅನ್ನಬಾರದಿತ್ತು. ಹೋದ ತಕ್ಷಣ ತಪ್ಪಾಯ್ತು ಅಂತ ಹೇಳ್ತೀನಿ" ಎಂದ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಗಾಡಿ ಎಷ್ಟು ದೂರ ಇತ್ತು?"

"ಇಪ್ಪತ್ತು ಹೆಜ್ಜೆ."

"ಗಿರಿಜಕ್ಕನವರಿಗೆ ಗೊತ್ತಾ?"

"ಇಲ್ಲ."

ಅವನು ನನ್ನ ಜೊತೆ ಬಸ್ ಹತ್ತಲಿಲ್ಲ. ನಾಗರಾಜನ ಮನೆಗೆ ನಡೆದ. "ನನ್ನ ಹಾಡಿನ ಮಾತು ಬಿಡು ಲಲ್ಲಿ. ಅವರಿಗೆ ಹೇಳಿದ ದಿನ ಫೋನ್ ಮಾಡು. ಬರ್ತೀನಿ."

ದಾವಣಗೆರೆಯಿಂದ ಹರಿಹರ ಹೆಚ್ಚುಕಡಿಮೆ ದಾದರಿನಿಂದ ಅಂಧೇರಿಯಷ್ಟು ದೂರ. ಅಲ್ಲಿ ಆ ದೂರವನ್ನು ಜನ ಲೋಕಲ್ ರೈಲಿನಲ್ಲಿ ದಿನಕ್ಕೆರಡು ಸಲ ನಿಂತುಕೊಂಡೇ ದಾಟುತ್ತಾರೆ. ನಾನು ಏಳು ತಿಂಗಳಿಂದ ದಾಟಿಲ್ಲ. ದಿನಾ ಹೇಳಬೇಕೆಂದೇ ಮೆಟ್ಟಿಲಿಳಿಯುತ್ತೇನೆ. ಹೇಳಿದರೆ ಈ ಊರಲ್ಲಿ ನನಗೆ ತೆರೆದಿರುವ ಒಂದೇ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಆ ಊರಿನಿಂದ ನನ್ನ ಜೊತೆ ಬಂದ ಒಬ್ಬನೇ ಒಬ್ಬ, ಅಣ್ಣ, ಮನೆಗೆ ಮರಳಿ ಬರುವುದಿಲ್ಲ. ಈ ಪತ್ರಿಕೆ ಇಲ್ಲಿಗೆ ಬರುವುದಿಲ್ಲ ಎಂದು ಗೊತ್ತಿದ್ದೇ ನಿಮಗೆ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಗಿರಿಜಕ್ಕ ಚಹಾ ಕೊಡುತ್ತಾ, "ಅಣ್ಣಾರಿಗೆ ನನ್ ಮ್ಯಾಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಲ್ರಿ? ನಾನೇ ಹರಿಹರಕ್ಕೆ ಹೋಗಿ ಕಾಲು ಹಿಡೀಲಾ?" ಎಂದು ಕೇಳಿದರು.

"ಬ್ಯಾಡ್ರಿ" ಎಂದೆ.

ನನ್ನ ಕೈ ಹಿಡಿದುಕೊಂಡರು. "ಬ್ಯಾರೇದೋರಾಗಿದ್ರ ಅಣ್ಣನ ಹಿಂದೇ ಹೋಗ್ತಿದ್ರು. ನನ್ ತಪ್ಪು ಹೊಟ್ಟ್ಯಾಗ ಹಾಕ್ಕೊಂಡು ನೀವು ಉಳದ್ರಿ. ಇನ್ನ ನೀವು ನಮ್ಮೋರು ಬಿಡ್ರಿ" ಎಂದರು.

ನಾನು ಚಹಾ ಕುಡಿದೆ.